ದಾಳಿಂಬೆಯ ಹುಳಕ್ಕೆ ಉಡಿ ತುಂಬಿದೆವು

ಮೆಟ್ಟಿಲೂರು, ಆರನೆಯ ಮೆಟ್ಟಿಲು
ಮರಳಿಕೆಯ ನಲವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತನಾಲ್ಕನೆಯ ದಿನ

ಹಿತ್ತಲಲ್ಲಿ ದಾಳಿಂಬೆ ಗಿಡ ಬೆಳೆಸಿಕೊಂಡಿರುವ ಹಿಂದಿನವರಿಗೆ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳಂತೆ, ಯಾವ ತಿಂಗಳಿಗೂ ಮೂವತ್ತೊಂದಕ್ಕಿಂತ ಹೆಚ್ಚು ದಿನ ಇಲ್ಲವಂತೆ. ನಮ್ಮ ಹಿರಿಯರು ಹೊಸ ಪಂಚಾಂಗ ಮಾಡಲು ಕೂತಾಗ ಬೇಸಿಗೆ ಮುಗಿಯುವ ಲಕ್ಷಣವೇ ಕಾಣಲಿಲ್ಲವಾಗಿ, ಮಿಕ್ಕ ದಿನಗಳನ್ನೆಲ್ಲ ಗುಡಿಸಿ ಕೊನೆಯ ತಿಂಗಳಿಗೆ ತುಂಬಿಬಿಟ್ಟರು. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಕಾಗದಗಳನ್ನು ಓದಿ ಓದಿ ನಿಮ್ಮ ಹಾಗೆಯೇ ಬರೆಯಲು ಹೆಣಗುತ್ತಿದ್ದೇನೆ. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನಗೆ ಮೊದಲೇ ತಲೆ ಕೆಟ್ಟಿದೆ. ಏಕೆ ಕೆಟ್ಟಿದೆ ಎಂಬುದೇ ಈ ಪತ್ರ.

ಇದು ನಿಮಗೆ ಬರುತ್ತಿರುವುದು ಹಿಂದಂಚೆಯಲ್ಲಿ. ಮುಂದಿನವರು ಬರೆದದ್ದನ್ನು ಹಿಂದಿನವರಿಗೆ ಮುಟ್ಟಿಸುವ ಏರ್ಪಾಡಿಗೆ ನಾವು ಹಾಗೆ ಕರೆಯುತ್ತೇವೆ. ಅದು ಹೇಗೆ ನಡೆಯುತ್ತದೆ ಎಂದು ನನಗೆ ತಿಳಿಯದು. ಅಂಚೆಯ ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ. ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಪತ್ರ, ಒಂದೇ. ಹೆಚ್ಚಿನವರು ಅಜ್ಜ ಅಜ್ಜಿಗೆ ಬರೆಯುತ್ತಾರೆ. ನನ್ನ ಗಂಡ ಯಮನೂರಪ್ಪ ತನ್ನ ಮುತ್ತಜ್ಜನಿಗೆ ಬರೆದು, ಮನೆ ಕಟ್ಟುವಾಗ ಬಾಗಿಲನ್ನು ಪಡುವಣಕ್ಕೆ ಇಡಬೇಡ, ಇಳಿಬಿಸಿಲಿಗೆ ಮೂರು ತಲೆಮಾರು ಬೆಂದಿದ್ದೇವೆ ಎಂದು ತಾಕೀತು ಮಾಡಿದ. ಬಾಗಿಲು ಇನ್ನೂ ಪಡುವಣಕ್ಕೇ ಇದೆ. ಪತ್ರ ಮುಟ್ಟಲಿಲ್ಲವೋ, ಮುತ್ತಜ್ಜನೂ ಇವನ ಹಾಗೆಯೇ ಹಟಮಾರಿಯೋ, ದೇವರೇ ಬಲ್ಲ. ನಾನು ಹುಳದ ವಿಷಯ ಬರೆಯುತ್ತೇನೆ ಎಂದಾಗ ಅವನು ಹಣೆ ಚಚ್ಚಿಕೊಂಡು, "ಜೀವಮಾನಕ್ಕ ಒಂದ ಪತ್ರ. ಅದನ್ನೂ ಹುಳದ ಹೆಸರಿಗಿ ಹಾಕ್ತೀಯೇನು? ನಿಮ್ಮವ್ವಗರ ಬರಿಯಲ್ಲ!" ಎಂದ. ನಮ್ಮವ್ವನಿಗೆ ದಾಳಿಂಬೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ನಿಮಗೆ ಗೊತ್ತು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಊರು ಒಂದು ಕಲ್ಲುಗುಡ್ಡದ ಇಳಿಜಾರಿಗೆ ಅಂಟಿಕೊಂಡಿದೆ. ಬಂಡೆ ಕಡಿದು ಒಂಬತ್ತು ಮೆಟ್ಟಿಲು ಮಾಡಿದ್ದಾರೆ. ಒಂದೊಂದರ ಮೇಲೆ ಮೂವತ್ತು ನಲವತ್ತು ಮನೆ, ಪ್ರತಿ ಮನೆಯ ಮುಂದೆ ಕೆಳಗಿನಿಂದ ಹೊತ್ತು ತಂದು ಹರವಿದ ಒಂದಿಷ್ಟು ಮಣ್ಣು. ಮನೆಯ ಮುಂದಿದ್ದರೂ ಅದಕ್ಕೆ ಹಿತ್ತಲು ಎಂದೇ ಅನ್ನುತ್ತೇವೆ, ಏಕೆಂದು ಕೇಳಬೇಡಿ. ನಾನು ಹುಟ್ಟಿದ್ದು ಸದ್ದಿಲ್ಲದ ಕಾಲದಲ್ಲಿ. ಆಗ ಹಾರುವ, ಹರಿದಾಡುವ, ಗುಂಯ್ ಎನ್ನುವ ಒಂದು ಪುಟ್ಟ ಜೀವವೂ ನಮ್ಮ ಸೀಮೆಯಲ್ಲಿ ಇರಲಿಲ್ಲ. ನಿಮ್ಮ ಮಕ್ಕಳ ಕಾಲಕ್ಕೋ ಮೊಮ್ಮಕ್ಕಳ ಕಾಲಕ್ಕೋ ಅವೆಲ್ಲ ಹೊರಟುಹೋದವು ಅನ್ನುತ್ತಾರೆ. ಕುಂಬಳ ಕಾಯಿ ಬಿಡಬೇಕಾದರೂ ಮನುಷ್ಯರ ಕೈಯೇ ಬೇಕಿತ್ತು. ನಾನು ಇಪ್ಪತ್ತೊಂದು ತುಂಬುವವರೆಗೆ ಹೂಗೂಲಿ ಮಾಡಿದ್ದೇನೆ. ಮೇಕೆ ಕೂದಲಿನ ಕುಂಚ ಹಿಡಿದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರುವ ಕೆಲಸಕ್ಕೆ ಆ ಹೆಸರು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತಿತ್ತು. ಸಾವಿರ ಹೂವಿಗೆ ಸವರಿದರೆ ನೂರು ಕಾಯಿ ನಿಂತರೆ ಪುಣ್ಯ. ಆಮೇಲೆ ಒಂದು ದಿನ, ಎಲ್ಲೋ ದೂರದ ಊರಿನ ತಣ್ಣನೆಯ ಕೋಣೆಗಳಲ್ಲಿ ಜತನವಾಗಿ ಉಳಿಸಿಕೊಂಡಿದ್ದ ಜೇನುಗಳನ್ನು ಪೆಟ್ಟಿಗೆಯಲ್ಲಿ ತಂದು ನಮ್ಮ ಗುಡ್ಡದಲ್ಲಿ ಬಿಟ್ಟರು. ಅದೇ ಮರಳಿಕೆ, ನಮ್ಮ ವರ್ಷಗಳು ಅಲ್ಲಿಂದ ಶುರು. ಮೊದಲ ಜೇನು ಹೂವಿನ ಮೇಲೆ ಕೂತಾಗ ನಾವು ಹೂಗೂಲಿಯ ಹೆಂಗಸರೆಲ್ಲ ಕುಂಚ ಬಿಸಾಡಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.

ಅಂದಿನಿಂದ ಆರು ಕಾಲಿನ ಯಾವ ಜೀವ ಬಂದರೂ ನಮಗೆ ಬೀಗರು ಬಂದ ಹಾಗೆ. ಇರುವೆ ಬಂದರೆ ಬಾಗಿಲಲ್ಲಿ ಸಕ್ಕರೆ, ಹೊಸ ರೆಕ್ಕೆ ಕಂಡರೆ ಓಣಿಯಲ್ಲಿ ಹಲಗೆ ಬಡಿತ. ಹುಳ ಕೊಂದವರಿಗೆ ಇಂಥ ಶಿಕ್ಷೆ ಎಂದು ನಮ್ಮಲ್ಲಿ ಎಲ್ಲೂ ಬರೆದಿಲ್ಲ, ಏಕೆಂದರೆ ಬರೆಯುವ ಪ್ರಸಂಗವೇ ಬಂದಿಲ್ಲ. ನೀವು ನಗುತ್ತಿರಬಹುದು. ನಗಿ. ಆದರೆ ಸದ್ದಿಲ್ಲದ ಒಂದು ಬೇಸಿಗೆಯನ್ನು ಕಳೆದು ನೋಡಿ, ಆಮೇಲೆ ನಗಿ.

ದಾಳಿಂಬೆಯ ಕಡ್ಡಿ ನನಗೆ ಸಿಕ್ಕಿದ್ದು ಏಳು ವರ್ಷದ ಹಿಂದೆ. ಊರಿಗೆ ಮೂರು ಕಡ್ಡಿ ಬಂದವು, ಎರಡು ಒಣಗಿದವು, ನನ್ನದೊಂದು ಚಿಗುರಿತು. ಮೊಣಕಾಲೆತ್ತರ, ಸೊಂಟದೆತ್ತರ, ಈಗ ನನ್ನ ತಲೆ ಮೀರಿ ಪೊದೆಯಾಗಿ ಹಬ್ಬಿದೆ. ಅದರ ಹಣ್ಣನ್ನು ನಮ್ಮ ಊರಿನಲ್ಲಿ ಯಾರೂ ತಿಂದಿಲ್ಲ. ಒಳಗೆ ಕೆಂಪು ಕಾಳುಗಳು ಒತ್ತೊತ್ತಾಗಿ ಕೂತಿರುತ್ತವೆ, ಕಚ್ಚಿದರೆ ರಸ ಚಿಮ್ಮುತ್ತದೆ ಎಂದು ನಿಮ್ಮ ಕಾಗದಗಳಲ್ಲಿ ಓದಿದಾಗಿನಿಂದ ನನಗೆ ಬಾಯಲ್ಲಿ ನೀರು. ಮುಚ್ಚುಮರೆ ಏಕೆ? ನಾನು ಆ ಗಿಡ ಸಾಕಿದ್ದು ಲೋಕೋಪಕಾರಕ್ಕಲ್ಲ, ತಿನ್ನುವ ಆಸೆಗೆ. ಆದರೆ ಗಿಡಕ್ಕೆ ದಿನಕ್ಕೊಂದು ಕೊಡ ನೀರು ಬೇಕು. ನಮ್ಮಲ್ಲಿ ನೀರು ಒಂಬತ್ತನೆಯ ಮೆಟ್ಟಿಲಿನಿಂದ ಕೊಳವೆಗಳಲ್ಲಿ ಇಳಿಯುತ್ತದೆ. ಅದನ್ನು ಹಂಚುವವಳು ನೀರುಗಂಟಿ ಫಕೀರವ್ವ. ಹೂ ಬಿಡಲು ಶುರುವಾದ ಮೇಲೆ ಮೂರು ಬೆಳೆಯೊಳಗೆ ಮಾಗಿದ, ಇಡಿಯಾದ ಒಂದು ಹಣ್ಣನ್ನು ತೋರಿಸದಿದ್ದರೆ ಆ ಗಿಡದ ಕೊಳವೆಗೆ ಅವಳು ಮರದ ಬೆಣೆ ಹೊಡೆಯುತ್ತಾಳೆ. ಅವಳನ್ನು ಬೈಯುವಂತಿಲ್ಲ, ನೀರು ಇರುವುದೇ ಅಷ್ಟು. ಬೆಣೆ ಬಿದ್ದ ಗಿಡ ಹದಿನೈದು ದಿನದಲ್ಲಿ ಸೌದೆ. ನನ್ನ ದಾಳಿಂಬೆಯ ಎರಡು ಬೆಳೆ ಆಗಲೇ ಕೈಬಿಟ್ಟಿದ್ದವು, ಈ ವರ್ಷದ್ದು ಮೂರನೆಯದು. ಒಂದು ಹಣ್ಣು ಬೇಕಿತ್ತು, ಒಂದೇ ಒಂದು.

ಎರಡು ಬೆಳೆ ಹೇಗೆ ಹೋದವು ಎಂದು ಹೇಳುತ್ತೇನೆ, ನಗು ಬಂದರೆ ತಡೆದುಕೊಳ್ಳಿ. ಮೊದಲ ವರ್ಷ ಹೂ ಬಿಟ್ಟ ಎಂಟನೆಯ ದಿನಕ್ಕೆ ಒಂದು ಚಿಟ್ಟೆ ಬಂತು. ನೇರಳೆ ಹೊಳೆಯುವ ಕಂದು ಬಣ್ಣ, ಮುಂದಿನ ರೆಕ್ಕೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ, ಹಿಂದೆ ಎಳೆಯಂಥ ಪುಟ್ಟ ಬಾಲ. ಜೇನು, ಇರುವೆ, ದುಂಬಿ ಕಂಡಿದ್ದೆವೇ ಹೊರತು ಚಿಟ್ಟೆಯನ್ನು ನಮ್ಮ ಮೆಟ್ಟಿಲಿನವರು ಕಂಡೇ ಇರಲಿಲ್ಲ. ಓಣಿಯೆಲ್ಲ ನೆರೆಯಿತು. "ಯವ್ವಾ, ಪಾತರಗಿತ್ತಿ ಬಂದೈತ್ರಿ, ಸಂಕವ್ವನ ಹಿತ್ತಲಕ್ಕ ಪಾತರಗಿತ್ತಿ ಬಂದೈತಿ!" ಎಂದು ಕೂಗಾಡಿದರು. ನಾನು ತಟ್ಟೆಯಲ್ಲಿ ಬೆಲ್ಲದ ನೀರಿಟ್ಟೆ. ಅದು ಕುಡಿದು, ಹೂವಿನ ಬುಡದ ಮೇಲೆ, ಎಳೆಯ ಕಾಯಿಯ ತುದಿಯಲ್ಲಿರುವ ಕಿರೀಟದ ಮೇಲೆ ಕೂತು ಕೂತು ಎದ್ದಿತು. ಮುತ್ತು ಕೊಡುತ್ತಿದೆ ಎಂದುಕೊಂಡು ನಾನು ಕಣ್ಣೊರೆಸಿಕೊಂಡೆ. ಎಂಥ ಹುಚ್ಚಿ ನಾನು!

ಕೆಲವು ವಾರ ಕಳೆದವು. ಕಾಯಿಗಳಲ್ಲಿ ಸೂಜಿ ಚುಚ್ಚಿದಂಥ ತೂತು, ತೂತಿನ ಬಾಯಲ್ಲಿ ಕೊಳೆತು ನಾರುವ ಹಿಕ್ಕೆ. ಒಡೆದು ನೋಡಿದರೆ ಒಳಗೆ ಒಂದು ದಪ್ಪ ಹುಳ, ಮೈತುಂಬ ಮೋಟು ಕೂದಲು, ಕಾಳೆಲ್ಲ ತಿಂದು ಹಾಯಾಗಿ ಮಲಗಿದೆ. ಇದು ಯಾರು, ಎಲ್ಲಿಂದ ಬಂತು ಎಂದು ಯಾರಿಗೂ ತಿಳಿಯಲಿಲ್ಲ. ಮುಚ್ಚಿದ ಕಾಯಿಯೊಳಗೆ ಬಾಗಿಲಿಲ್ಲದೆ ಹೇಗೆ ಹೊಕ್ಕಿತು? ಕಾಯಿಯೇ ಅದನ್ನು ಹೆತ್ತಿತೇ? ಏನೇ ಆದರೂ ಬಂದವರನ್ನು ಬೀದಿಗೆ ಹಾಕುವಂತಿಲ್ಲವಲ್ಲ. ನಮ್ಮ ಮೆಟ್ಟಿಲಿನ ಕೊನೆಗೆ ಹುಳದ ಬಿಡಾರ ಎಂದು ಒಂದು ಮನೆ ಇದೆ. ರೆಕ್ಕೆ ಮುರಿದ ಜೇನು, ದಾರಿ ತಪ್ಪಿದ ದುಂಬಿ ಸಿಕ್ಕರೆ ಅಲ್ಲಿಗೆ ಒಯ್ಯಬೇಕು. ಅದನ್ನು ನೋಡಿಕೊಳ್ಳುವವನು ರಾಜೇಸಾಬಣ್ಣ, ನನಗಿಂತ ಎಂಟು ವರ್ಷ ದೊಡ್ಡವನು, ಅವನಷ್ಟು ಮೆತ್ತನೆಯ ಮನುಷ್ಯ ಒಂಬತ್ತು ಮೆಟ್ಟಿಲಲ್ಲಿ ಇಲ್ಲ. ನಾನು ಹುಳಗಳನ್ನು ಒಂದೊಂದಾಗಿ ಎತ್ತಿ, ತಿನ್ನುತ್ತಿದ್ದ ಹಣ್ಣಿನ ತುಂಡಿನ ಸಮೇತ ಅವನಿಗೆ ಒಪ್ಪಿಸುತ್ತಿದ್ದೆ. ಅವನು ಕುಡಿಕೆಯಲ್ಲಿ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ಸಾಕುತ್ತಿದ್ದ. ಕೆಲವು ದಿನಕ್ಕೆ ಹುಳ ತಿನ್ನುವುದನ್ನು ಬಿಟ್ಟು, ಮುದುಡಿ, ಮೇಲೊಂದು ಗಟ್ಟಿ ಕವಚ ಕಟ್ಟಿಕೊಂಡು ಅಲುಗಾಡದೆ ಬಿದ್ದಿರುತ್ತಿತ್ತು. ಸತ್ತಿತೇ, ಮಲಗಿತೇ? ರಾಜೇಸಾಬಣ್ಣ ಕುಡಿಕೆಯನ್ನು ಕಿವಿಗೆ ಹಿಡಿದು, "ಮಲಗೇತವ್ವ. ದಣದೈತಿ ಪಾಪ. ಪರದೇಶದಾಗ ಮಲಗೂದು ಬ್ಯಾಡ, ತವರಿಗಿ ಕಳಸೂಣು" ಎಂದ.

ಹೀಗೆ ಶುರುವಾಯಿತು ನೋಡಿ ನಮ್ಮ ಪದ್ಧತಿ. ಮಲಗಿದ ಹುಳದ ಕುಡಿಕೆಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ ಬೆಲ್ಲ ಕೊಬ್ಬರಿ ಇಟ್ಟು ಉಡಿ ತುಂಬಿ, ಐದು ಜನ ಮುತ್ತೈದೆಯರು ಹಾಡುತ್ತ ತಂದು ನನ್ನ ಗಿಡದ ಬುಡದಲ್ಲಿ ಬಾಯಿ ಬಿಚ್ಚಿ ಇಡುವುದು. ಎಂಟು ಹತ್ತು ದಿನಕ್ಕೆ ಕುಡಿಕೆಯಲ್ಲಿ ಬರೀ ಒಣ ಸಿಪ್ಪೆ ಉಳಿದಿರುತ್ತಿತ್ತು, ಗಿಡದ ಸುತ್ತ ಚಿಟ್ಟೆಗಳು ಹಾರುತ್ತಿದ್ದವು. ಹುಳ ತೀರಿಕೊಂಡಿತು, ಚಿಟ್ಟೆಗಳು ಮಣ್ಣಿಗೆ ಬಂದಿವೆ ಎಂದು ನಾವು ತಿಳಿದೆವು. ಮಣ್ಣಿಗೆ ಬಂದವರನ್ನು ಹಸಿದುಕೊಂಡು ಕಳಿಸಲು ಆಗುತ್ತದೆಯೇ? ಮತ್ತೆ ಬೆಲ್ಲದ ನೀರು. ವರ್ಷದಿಂದ ವರ್ಷಕ್ಕೆ ಹುಳ ಹೆಚ್ಚಿದವು, ಉಡಿ ಹೆಚ್ಚಿದವು, ಚಿಟ್ಟೆ ಹೆಚ್ಚಿದವು. ಹಣ್ಣು ಮಾತ್ರ ಒಂದೂ ಕೈಗೆ ಬರಲಿಲ್ಲ. ಇಷ್ಟು ಪುಣ್ಯ ಮಾಡಿಯೂ ನಮ್ಮ ಗಿಡಕ್ಕೆ ಯಾರ ಕಣ್ಣು ತಾಗಿತು ಎಂದು ನಾನು ಎರಡು ವರ್ಷ ಗೋಳಾಡಿದ್ದೇನೆ.

ಈ ವರ್ಷ ಹೂವಿನ ಕಾಲ ಇನ್ನೇನು ಶುರುವಾಗುವುದರಲ್ಲಿತ್ತು. ಒಂದು ಬೆಳಿಗ್ಗೆ ಕಸ ಹೊಡೆಯುತ್ತಿದ್ದವಳು, ಹೋದ ಬೆಳೆಯ ಕೊನೆಯಲ್ಲಿ ಮಲಗಿದ್ದ ಹುಳದ ಕುಡಿಕೆಯ ಹತ್ತಿರ ಕೂತೆ. ಒಳಗಿನ ಕವಚ ಅಲ್ಲಾಡಿತು. ನೋಡುತ್ತಿದ್ದ ಹಾಗೆ ಅದರ ಬೆನ್ನು ಬಿರಿಯಿತು. ಒಳಗಿನಿಂದ ಒದ್ದೆಯಾದ, ಸುಕ್ಕುಸುಕ್ಕಾದ ಒಂದು ಜೀವ ಏದುಸಿರು ಬಿಡುತ್ತ ಹೊರಗೆ ಬಂತು. ಕುಡಿಕೆಯ ಅಂಚಿಗೆ ಹತ್ತಿ, ಮುದುಡಿದ ಸೆರಗು ಬಿಡಿಸುವ ಹಾಗೆ ನಿಧಾನಕ್ಕೆ ರೆಕ್ಕೆ ಬಿಡಿಸಿತು. ನೇರಳೆ ಹೊಳೆಯುವ ಕಂದು, ಕಿತ್ತಳೆ ಮಚ್ಚೆ, ಎಳೆಯಂಥ ಬಾಲ. ನಾನು ಪೊರಕೆ ಹಿಡಿದುಕೊಂಡೇ ಕೂತಿದ್ದೆ. ಅದು ಹಾರಿ ನೇರ ನನ್ನ ಗಿಡದ ಮೊದಲ ಮೊಗ್ಗಿನ ಮೇಲೆ ಕೂತು ಮುತ್ತು ಕೊಟ್ಟಿತು. ನಾನು ಎದ್ದು ಹೋಗಿ ಕಣ್ಣು ಕಿರಿದು ಮಾಡಿ ನೋಡಿದೆ. ಮುತ್ತಿನ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಒಂದು ಬಿಳಿ ತತ್ತಿ ಅಂಟಿತ್ತು. ಅಯ್ಯೋ ನನ್ನ ಕರ್ಮವೇ, ನಾನು ಎರಡು ವರ್ಷ ಯಾರಿಗೆ ಬೆಲ್ಲ ಉಣಿಸಿದೆ, ಯಾರಿಗೆ ಉಡಿ ತುಂಬಿದೆ!

ಓಡಿಹೋಗಿ ರಾಜೇಸಾಬಣ್ಣನಿಗೆ ಹೇಳಿದೆ. ಅವನು ನಂಬಲಿಲ್ಲ. ಕೈಹಿಡಿದು ಎಳೆದು ತಂದು ಇನ್ನೊಂದು ಕುಡಿಕೆಯ ಮುಂದೆ ಎರಡು ದಿನ ಕೂರಿಸಿದೆ. ಅವನೂ ಕಣ್ಣಾರೆ ಕಂಡ. ಆಮೇಲೆ ಟೋಪಿ ತೆಗೆದು ತಲೆ ಸವರಿಕೊಂಡು, "ಹಂಗಾರ ನಾ ಎರಡು ವರ್ಷ ನಿನ್ನ ಗಿಡಕ್ಕ ಹಗೀನ್ನ ಸಾಕಿ ಕಳಿಸೀನೇನವ್ವ?" ಎಂದ. ನನಗೋ ಹುಳದ ಮೇಲೆ ಸಿಟ್ಟು, ಚಿಟ್ಟೆಯ ಮೇಲೆ ಅಕ್ಕರೆ. ಎರಡೂ ಒಂದೇ ಎಂದಾದ ಮೇಲೆ ಯಾವುದನ್ನು ಎಲ್ಲಿಡಬೇಕು? ಆ ದಿನದಿಂದ ನನಗೆ ಊಟ ಸರಿಯಾಗಿ ಸೇರಿಲ್ಲ.

ಆಗ ನೆನಪಾದವರು ನೀವು. ನಮ್ಮ ಮೂರನೆಯ ಮೆಟ್ಟಿಲಿನಲ್ಲಿ ಹಳೆಯ ಕಾಗದಗಳ ಕೋಣೆ ಇದೆ. ಹನ್ನೊಂದು ದಿನ ಧೂಳು ಕುಡಿದು ಹುಡುಕಿದ ಮೇಲೆ ನಿಮ್ಮ ಕಾಲದ ಒಂದು ಕರಪತ್ರ ಸಿಕ್ಕಿತು: ಮನೆಯಂಗಳದ ದಾಳಿಂಬೆಯಲ್ಲಿ ಕೀಟ ನಿರ್ವಹಣೆ. ಮೇಲೆ ನಗುವ ಗಂಡ ಹೆಂಡತಿ, ನಡುವೆ ಕೆಂಪು ಹಣ್ಣಿನ ಬುಟ್ಟಿ. ಚಿಗುರಿಗೆ ಹೇನು ಮುತ್ತಿದರೆ ನೀರನ್ನು ರಭಸವಾಗಿ ಬಿಟ್ಟು ತೊಳೆಯಿರಿ ಎಂದಿತ್ತು. ನೀರನ್ನು! ಹೇನು ತೊಳೆಯಲು! ಎಷ್ಟು ಕೊಡ ಸುರಿಯುತ್ತಿದ್ದಿರಿ ತಾಯಂದಿರೇ? ಹಿಟ್ಟು ತಿಗಣೆ ಹತ್ತಿದ ರೆಂಬೆ ಕತ್ತರಿಸಿ, ಇರುವೆ ಹತ್ತದಂತೆ ಕಾಂಡಕ್ಕೆ ಅಂಟು ಸವರಿ, ಬೇವಿನ ಬೀಜದ ಕಷಾಯ ಸಿಂಪಡಿಸಿ, ತೂತು ಬಿದ್ದ ಕಾಯಿಗಳನ್ನು ಆರಿಸಿ ಹುಳಸಮೇತ ನಾಶಮಾಡಿ. ನಾಶಮಾಡಿ ಎಂಬ ಮಾತನ್ನು ಪಲ್ಯಕ್ಕೆ ಉಪ್ಪು ಹಾಕಿ ಎಂಬಷ್ಟು ಸಲೀಸಾಗಿ ಬರೆದಿದ್ದೀರಿ. ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಮರುಗಳಿಗೆ ಆ ಬುಟ್ಟಿಯ ಹಣ್ಣು ನೋಡಿ ಹೊಟ್ಟೆಕಿಚ್ಚೂ ಬಂತು.

ಕರಪತ್ರದಲ್ಲಿ ಯಾರಿಗೂ ನೋವಾಗದ ಉಪಾಯ ಒಂದೇ ಇತ್ತು. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಪ್ರತಿಯೊಂದಕ್ಕೂ ಬಟ್ಟೆಯ ಚೀಲ ಕಟ್ಟಬೇಕು, ಚಿಟ್ಟೆ ತತ್ತಿ ಇಡಲು ಜಾಗ ಸಿಗುವುದಿಲ್ಲ. ನನಗೆ ಹಿಡಿಸಿತು. ಬಾಗಿಲು ಹಾಕಿಕೊಳ್ಳುವುದು ಕೊಲ್ಲುವುದಲ್ಲವಲ್ಲ. ಯಮನೂರಪ್ಪನ ಹಳೆಯ ರುಮಾಲು ಹರಿದು ಹನ್ನೊಂದು ಚೀಲ ಹೊಲಿದೆ, ಏಕೆಂದರೆ ಈ ಸಲ ನಿಂತ ಕಾಯಿ ಹನ್ನೊಂದು. ಆದರೆ ನಿಂಬೆಹಣ್ಣು ಎಂದರೆ ಎಷ್ಟು ದಪ್ಪ? ನಿಮಗೆ ಇದು ಹುಚ್ಚು ಪ್ರಶ್ನೆ. ನಮ್ಮಲ್ಲಿ ನಿಂಬೆ ಎಂದರೆ ಸಾರಿಗೆ ಹಾಕುವ ಹುಳಿಪುಡಿ, ಗಿಡ ಕಂಡವರು ಯಾರೂ ಉಳಿದಿಲ್ಲ. ಕೋಳಿಮೊಟ್ಟೆಯಷ್ಟು ಇರಬೇಕು ಎಂದು ರಾಜೇಸಾಬಣ್ಣ. "ಅಷ್ಟು ಸಣ್ಣ ಹಣ್ಣಿಗಿ ಅಷ್ಟು ದೊಡ್ಡ ಹೆಸರಿರ್ತೈತೇನು? ಗಂಡಸಿನ ಮುಷ್ಟಿಯಷ್ಟರ ಇರಬೇಕು" ಎಂದು ಯಮನೂರಪ್ಪ. ಆತುರಪಟ್ಟು ಬೇಗ ಕಟ್ಟಿದರೆ ಕಾಯಿ ಉಸಿರುಗಟ್ಟೀತು ಎಂಬ ಭಯಕ್ಕೆ ನಾನು ಗಂಡನ ಮಾತು ಕೇಳಿದೆ. ನಲವತ್ತು ವರ್ಷದ ಸಂಸಾರದಲ್ಲಿ ಅವನ ಮಾತು ಕೇಳಿದ್ದು ಅದೊಂದೇ ಸಲ, ಅದೂ ಎಂಥ ವಿಷಯಕ್ಕೆ ನೋಡಿ. ದಿನಾ ಬೆಳಿಗ್ಗೆ ಅವನನ್ನು ಕರೆದು ಕಾಯಿಯ ಪಕ್ಕದಲ್ಲಿ ಮುಷ್ಟಿ ಹಿಡಿಸುತ್ತಿದ್ದೆ. ಇನ್ನೂ ನಿಂಬೆಯಷ್ಟಾಗಿಲ್ಲ, ಇನ್ನೂ ಆಗಿಲ್ಲ ಎಂದು ಕಾಯುತ್ತ ಕೂತಾಗಲೇ ಏಳು ಕಾಯಿ ತೂತು ಬಿದ್ದು ಉದುರಿದವು.

ನಾಲ್ಕು ಉಳಿದವು, ನಾಲ್ಕಕ್ಕೂ ಚೀಲ ಕಟ್ಟಿದೆ. ಮೆಟ್ಟಿಲಿನವರು ಬಂದು ಬಂದು ನೋಡಿದರು. "ಇದೇನಬೇ ಸಂಕವ್ವಾ, ಕಾಯಿಗಿ ಕುಲಾಯಿ ಹಾಕೀಯಲ್ಲ, ನೆಗಡಿ ಬಂದಾವೇನು?" ಎಂದು ಕಾಡಿದರು. ಬಿಸಿಲಿನ ಝಳಕ್ಕೆ ಎರಡು ಬಿರಿದು ಹಾಳಾದವು. ಒಂದು ಸುಂಟರಗಾಳಿಗೆ ಬಿತ್ತು. ಕೊನೆಗೆ ಉಳಿದದ್ದು 'ಒಂದೇ ಒಂದು' ಎಂದು ನಾನು ಬೇಡಿಕೊಂಡಿದ್ದೆನಲ್ಲ, ಆ ಒಂದು. ನಲವತ್ತು ದಿನ ಅದರ ಚೀಲ ಬಿಚ್ಚಲಿಲ್ಲ. ಹೊರಗಿನಿಂದ ಅಂಗೈಯಲ್ಲಿ ಹಿಡಿದು ತೂಕ ನೋಡುತ್ತಿದ್ದೆ. ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು. ಅದನ್ನು ಹೇಗೆ ಹಂಚಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದದ್ದೂ ಆಯಿತು: ಕಾಲು ಭಾಗ ಗಂಡನಿಗೆ, ಒಂದು ಹಿಡಿ ರಾಜೇಸಾಬಣ್ಣನಿಗೆ, ಉಳಿದದ್ದೆಲ್ಲ ನನಗೆ.

ನಿನ್ನೆ ಫಕೀರವ್ವ ಬಂದಳು. ಒಂದು ಕೈಯಲ್ಲಿ ಬೆಣೆ, ಇನ್ನೊಂದರಲ್ಲಿ ಕೊಡತಿ, ಹಿಂದೆ ಇಡೀ ಮೆಟ್ಟಿಲಿನ ಜನ. ಚೀಲ ಅವಳೇ ಬಿಚ್ಚಿದಳು. ಹಣ್ಣು ಹೊರಗೆ ಬಂದಾಗ ಜನ ಹೋ ಎಂದರು. ಎಷ್ಟು ಕೆಂಪು, ಎಷ್ಟು ತುಂಬಿದ ಮೈ! ಫಕೀರವ್ವನ ಮುಖದಲ್ಲೂ ನಗು ಬಂತು, ಬೆಣೆಯನ್ನು ನಡುವಿಗೆ ಸಿಕ್ಕಿಸಿಕೊಂಡಳು. ನಿಯಮದ ಪ್ರಕಾರ ಕೊಯ್ದು ನೋಡಬೇಕು. ಕೊಯ್ದಳು. ಒಳಗೆ ಮುಕ್ಕಾಲು ಭಾಗ ಕಪ್ಪಗೆ ಕೊಳೆತಿತ್ತು. ನಡುವೆ ಹುಳ ಮಲಗಿತ್ತು. ನಾನು ಚೀಲ ಕಟ್ಟುವ ಮುಂಚೆಯೇ ತತ್ತಿ ಅಲ್ಲಿತ್ತು. ನಾನು ಕಳ್ಳನನ್ನು ಒಳಗೆ ಬಿಟ್ಟು ಬೀಗ ಹಾಕಿದ್ದೆ. ಫಕೀರವ್ವ ನನ್ನ ಮುಖ ನೋಡದೆ, "ತಪ್ಪ ತಿಳೀಬ್ಯಾಡ ಸಂಕವ್ವಾ" ಎಂದು ಕೊಳವೆಯ ಹತ್ತಿರ ಬಗ್ಗಿದಳು.

ಆಗ ರಾಜೇಸಾಬಣ್ಣ ಮುಂದೆ ಬಂದ. ನಾಲ್ಕು ಜನರೆದುರು ದನಿ ಎತ್ತಿ ಮಾತಾಡಿದವನೇ ಅಲ್ಲ ಅವನು. "ತಡೀರಿ ನೀರಗಂಟೆವ್ವಾರ. ಈ ಗಿಡ ಹಣ್ಣ ಕೊಟ್ಟಿಲ್ಲ ಅಂತೀರಿ. ಈ ಹುಳಾನ ಪಾತರಗಿತ್ತಿ ಆಗತೈತಿ, ನಾ ಕಣ್ಣಾರೆ ಕಂಡೀನಿ, ಸಂಕವ್ವ ತೋರ್ಸ್ಯಾಳ. ಮೂರು ವರ್ಷದಾಗ ನಮ್ಮ ಮೆಟ್ಟಿಲ ಮ್ಯಾಲ ಹಾರಿದ ಪಾತರಗಿತ್ತಿ ಅಷ್ಟೂ ಈ ಗಿಡಾನ ಹಡದೈತಿ. ಹಡದಾಕಿಗಿ ನೀರ ಬಂದ್ ಮಾಡ್ತೀರೇನು?" ಎಂದ. ಜನ ಒಬ್ಬೊಬ್ಬರಾಗಿ ಹೌದಲ್ಲ, ಹೌದಲ್ಲ ಎಂದರು. ಯಾರೋ ಹಲಗೆ ಬಡಿದರು. ಫಕೀರವ್ವ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿ, "ಉಂಡವರದಾರ ಅಂದ ಮ್ಯಾಲ ಅದು ಹಣ್ಣ ಖರೆ. ಯಾರು ಉಂಡ್ರು ಅಂತ ನಿಯಮದಾಗ ಬರದಿಲ್ಲ. ಇವತ್ತಿನಿಂದ ಇದು ಬಿಡಾರದ ಗಿಡ. ನೀರ ಎಂದೂ ನಿಲ್ಲೂದಿಲ್ಲ, ದಿನಾ ಒಂದೂವರಿ ಕೊಡ. ಆದ್ರ ಇನ್ನ ಮ್ಯಾಲ ಇದರ ಕಾಯಿಗಿ ಅರಿವಿ ಕಟ್ಟೂಹಂಗಿಲ್ಲ. ಇದರಾಗ ಬೆಳದದ್ದೆಲ್ಲಾ ಹುಳದ ಪಾಲು" ಎಂದು ತೀರ್ಪು ಕೊಟ್ಟಳು.

ಕೊಯ್ದ ಹಣ್ಣಿನ ಒಂದು ಮೂಲೆ ಮಾತ್ರ ಕೊಳೆತಿರಲಿಲ್ಲ. ಅಲ್ಲಿ ಒಂಬತ್ತು ಹತ್ತು ಕಾಳು ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ಕೈ ಚಾಚಿದ್ದೆ. ಅಷ್ಟರಲ್ಲಿ ರಾಜೇಸಾಬಣ್ಣ, ತೀರ್ಪಿಗೆ ತಕ್ಕ ಹಾಗೆ, ಹುಳವನ್ನೂ ಆ ಮೂಲೆಯನ್ನೂ ಜೋಪಾನವಾಗಿ ಕುಡಿಕೆಗೆ ಹಾಕಿ ಬಟ್ಟೆ ಕಟ್ಟಿದ. ಅವನಿಗೆ ನನ್ನ ಕೈ ಕಾಣಲಿಲ್ಲ. ಕಂಡಿದ್ದರೆ ಕೊಡುತ್ತಿದ್ದ, ಆಮೇಲೆ ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದ. ಗಿಡ ಉಳಿಸಿದ ಸಂತೋಷಕ್ಕೆ ಅವನ ಕಣ್ಣಲ್ಲಿ ನೀರಿತ್ತು. ನಾನು ಅವನ ಕೈ ಹಿಡಿದು ನಿನ್ನ ಉಪಕಾರ ಮರೆಯುವುದಿಲ್ಲ ಅಣ್ಣಾ ಎಂದೆ. ಅದು ಸುಳ್ಳಲ್ಲ. ಎಲ್ಲರೂ ಹೋದ ಮೇಲೆ ಒಳಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ, ಅದೂ ಸುಳ್ಳಲ್ಲ. ಯಮನೂರಪ್ಪ ಬಾಗಿಲಲ್ಲಿ ನಿಂತು, "ನೀರ ಉಳೀತಲ್ಲ, ಗಿಡ ಉಳೀತಲ್ಲ, ಮತ್ಯಾಕ ಅಳತಿ?" ಎಂದ. ಬೇಡಿಕೊಂಡದ್ದು ಸಿಕ್ಕಿತು. ಬೇಡಿಕೊಂಡದ್ದು ಬರೀ ಗಿಡಕ್ಕಾಗಿ ಅಲ್ಲ.

ಹಿಂದಿನವರೇ, ನಿಮ್ಮಿಂದ ಏನು ಕೇಳಬೇಕು ಎಂಬುದು ಇಷ್ಟು ಬರೆದ ಮೇಲೂ ನನಗೆ ತಿಳಿಯುತ್ತಿಲ್ಲ. ಹುಳ ಕೊಲ್ಲಬೇಡಿ ಎನ್ನೋಣವೆಂದರೆ, ಮೂರು ವರ್ಷ ಕೊಳೆತ ಹಣ್ಣು ಬಾಚಿದ ಕೈ ಒಪ್ಪುವುದಿಲ್ಲ. ಕೊಲ್ಲಿ ಎನ್ನೋಣವೆಂದರೆ, ಹೂಗೂಲಿ ಮಾಡಿದ್ದೂ ಇದೇ ಕೈ. ಎಷ್ಟು ಕೊಂದರೆ ಸಾಕು, ಎಷ್ಟು ಬಿಟ್ಟರೆ ಸಾಕು ಎಂದು ನಿಮ್ಮ ಕರಪತ್ರದಲ್ಲಿ ಬರೆದಿಲ್ಲ. ಬಹುಶಃ ನಿಮಗೂ ಗೊತ್ತಿರಲಿಲ್ಲ. ಸಿಂಪಡಿಸುವ ಮುಂಚೆ ಒಂದು ಗಳಿಗೆ ಕೈ ತಡೆದು, ಇದು ಯಾರು, ನಾಳೆ ಏನಾಗುತ್ತದೆ ಎಂದು ನೋಡಿ, ಇಷ್ಟು ಹೇಳಬಲ್ಲೆ. ನೋಡಿದ ಮೇಲೆ ಏನು ಮಾಡಬೇಕೆಂದು ಹೇಳುವಷ್ಟು ಬುದ್ಧಿ ನನಗಿಲ್ಲ.

ಇನ್ನೊಂದು ಇದೆ, ಅದನ್ನು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ನಿಮ್ಮಲ್ಲಿ ತೀರಿಹೋದವರ ಹೆಸರು ಹೇಳಿ ಎಡೆ ಇಡುತ್ತೀರಂತೆ, ಅವರಿಗೆ ಇಷ್ಟವಾದದ್ದನ್ನು ಅವರ ಪರವಾಗಿ ತಿನ್ನುತ್ತೀರಂತೆ. ನಾನು ತೀರಿಹೋಗಿಲ್ಲ, ನಿಮ್ಮ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದವರ ಹೆಸರಿಗೆ ಎಡೆ ಇಡಬಹುದೋ ಇಲ್ಲವೋ ಎಂದು ಯಾರನ್ನೂ ಕೇಳಲು ಹೋಗಬೇಡಿ. ಈ ಸಲ ನಿಮ್ಮ ಹಿತ್ತಲಿನ ದಾಳಿಂಬೆ ಮಾಗಿದಾಗ ಒಂದು ಹಣ್ಣು ಬಿಡಿಸಿ, ಮೊದಲ ಹಿಡಿ ಬಾಯಿಗೆ ಹಾಕಿಕೊಳ್ಳುವ ಮುಂಚೆ ನನ್ನ ಹೆಸರು ಹೇಳಿ. ಅವಸರ ಮಾಡಬೇಡಿ, ನಿಧಾನಕ್ಕೆ ಜಗಿಯಿರಿ.

ನನ್ನ ಹೆಸರು ಸಂಕವ್ವ.